ಎಡಗಡೆಯದು

ಮೊದಲು ಒಂದು ಕ್ಯಾನು ಕೊಟ್ಟರು, ಐದು ಲೀಟರಿನದು.
ಇಪ್ಪತ್ನಾಲ್ಕು ಗಂಟೆ ಹೊಯ್ದದ್ದೆಲ್ಲ ಇದಕ್ಕೇ,
ಒಂದು ಹನಿ ಆಚೆ ಹೋಗಬಾರದು ಎಂದಳು ನರ್ಸು.
ವಿ.ಸಿ. ನಾಲೆಯ ಮೇಲೆ ಹತ್ತೊಂಬತ್ತು ವರ್ಷ ನೀರುಗಂಟಿ ನಾನು;
ಎಷ್ಟು ಅಡಿ ಬಂತು, ಯಾವ ತೂಬಿಗೆ ಎಷ್ಟು ಹೋಯಿತು
ನೋಟ್‌ಬುಕ್ಕಿನಲ್ಲಿ ಬರೆದವನು.
ಕ್ಯಾರಿಯರಿಗೆ ಕ್ಯಾನು ಕಟ್ಟಿಕೊಂಡು
ಏರಿಯ ಮೇಲೆ ಸೈಕಲ್ ತುಳಿಯುವಾಗ
ಬೋರಪ್ಪ ಕೇಳಿದ: ಏನ್ಲಾ ಅದು, ಸೀಮೆಣ್ಣೆಯಾ?
ಹೂಂ ಅಂದೆ.

ಅವ್ವನಿಗೆ ಬಿಪಿ. ಭಾವನ ಗುಂಪು ಕೂಡಲಿಲ್ಲ.
ಉಳಿದವನು ನಾನು. ಲೆಕ್ಕ ಸರಳ,
ಮನೆಗೆ ತಂದಾಗ ಸರಳವಿರಲಿಲ್ಲ.
ನಾಗವೇಣಿ ಸೊಪ್ಪು ಸೋಸುತ್ತಿದ್ದಳು, ತಲೆ ಎತ್ತಲಿಲ್ಲ.
“ನಾಳೆ ನಮ್ ಮಗೀಗೆ ಬೇಕಾದ್ರೆ?”
ಉತ್ತರ ನನ್ನಲ್ಲಿರಲಿಲ್ಲ. ಈಗಲೂ ಇಲ್ಲ.
ಹನ್ನೊಂದು ದಿನ ಮುದ್ದೆ ಇಟ್ಟಳು, ಮಾತಿಲ್ಲದೆ.

ಮೈಸೂರಿನಲ್ಲಿ ಕಮಿಟಿ. ಮೇಜಿನಾಚೆ ಐದು ಜನ, ಒಂದು ಕ್ಯಾಮೆರಾ.
ರೇಷನ್ ಕಾರ್ಡು, ವಂಶವೃಕ್ಷ, ತಹಶೀಲ್ದಾರರ ಮೊಹರು,
ದೇವೀರಿಯ ಮದುವೆ ಫೋಟೊ. ಅದರಲ್ಲಿ ನಾನು
ಧಾರೆ ಎರೆಯುವವರ ಹಿಂದೆ ನಿಂತು ಬೇರೆಲ್ಲೋ ನೋಡುತ್ತಿದ್ದೇನೆ.
ಯಾರಾದರೂ ಬಲವಂತ ಮಾಡಿದರಾ?
ಇಲ್ಲ.
ಹಣ?
ಹನ್ನೆರಡು ವರ್ಷದವನಿದ್ದಾಗ ತಂಗಿಯ ಮಣ್ಣಿನ ಹುಂಡಿ ಒಡೆದು
ಎಂಟು ರೂಪಾಯಿ ಕದ್ದಿದ್ದೆ. ಅದನ್ನು ಹೇಳಲೇ ಎಂದುಕೊಂಡೆ.
ಇಲ್ಲ ಎಂದೆ.
ಹೆಂಡತಿಯ ಸಹಿಯೂ ಬೇಕು ಎಂದರು.
ನಾಗವೇಣಿ ಪೆನ್ನು ಎಷ್ಟು ಒತ್ತಿದಳೆಂದರೆ
ಕೆಳಗಿನ ಎರಡು ಹಾಳೆಗೂ ಅವಳ ಹೆಸರು ಇಳಿಯಿತು.

ಹಿಂದಿನ ರಾತ್ರಿ ಡಾಕ್ಟರು ಬಂದು
ಎಡ ಮಗ್ಗುಲಿಗೆ ಒಂದು ಬಾಣ ಬರೆದರು.
ದೇವೀರಿಯ ವಾರ್ಡಿಗೆ ಹೋದೆ. ಅವಳ ಪಾಲಿನ ನೀರು
ಸಂಜೆಗೇ ಮುಗಿದಿತ್ತು, ಐಸಿನ ಚೂರು ಚೀಪುತ್ತಿದ್ದಳು.
ಎರಡು ವರ್ಷದಿಂದ ದಿನಕ್ಕೆ ಮುಕ್ಕಾಲು ಲೀಟರು.
ನಾಲೆಯ ನೀರಿಗೆ ಕಟ್ಟು ಹಾಕಿದವನು ನಾನು,
ಹದಿನೈದು ದಿನ ಬಿಟ್ಟು, ಹದಿನೈದು ದಿನ ನಿಲ್ಲಿಸಿ;
ಜನ ಬೈದಾಗ ಬೇಜಾರಾಗಿರಲಿಲ್ಲ.
ಆ ಖಾಲಿ ಲೋಟ ನೋಡಿ ಆಯಿತು.
“ಭಯ ಆಯ್ತದಾ ಅಣ್ಣ?”
“ನಿಂಗೆ?”
“ನಂಗೆ ಎಳನೀರು ಕುಡೀಬೇಕು ಕಣಣ್ಣ.”

ಎಚ್ಚರವಾದಾಗ ನೋವು ಹೊಟ್ಟೆಗಿಂತ ಭುಜದಲ್ಲಿ ಹೆಚ್ಚಿತ್ತು.
ಗಾಳಿ ತುಂಬಿಸಿದ್ದೆವು, ಅದು ಹೋಗಬೇಕು ಎಂದರು.
ಹೂಸು ಬಂತಾ? ಚಿನ್ನದ ಕನ್ನಡಕದ ದೊಡ್ಡ ಡಾಕ್ಟರು
ಮೂರು ಸಲ ಕೇಳಿದರು, ಬಹಳ ಮರ್ಯಾದೆಯಿಂದ.
ಕೆಮ್ಮು ಬಂದರೆ ದಿಂಬು ಅವುಚಿಕೊಳ್ಳಬೇಕು;
ಪ್ಲಾಸ್ಟಿಕ್ ಡಬ್ಬಿಯೊಳಗಿನ ಮೂರು ಗುಂಡು
ಉಸಿರೆಳೆದು ಏರಿಸಬೇಕು. ನನ್ನದು ಒಂದೇ ಏರಿತು.

ಬಂದವರೆಲ್ಲ ಗಾಜಿನಾಚೆಯ ದೇವೀರಿಯನ್ನು ನೋಡಲು ಹೋದರು.
ರೋಗ ಅವಳದು. ರೋಗವಿಲ್ಲದೆ ಕೊಯ್ಸಿಕೊಂಡವನಿಗೆ
ಮೂಸಂಬಿ ತರಬೇಕೋ ಬೇಡವೋ, ಯಾರಿಗೂ ಗೊತ್ತಿದ್ದಂತಿರಲಿಲ್ಲ.
ಸುದ್ದಿ ತಂದವಳು ನಾಗವೇಣಿ, ನಿಂತುಕೊಂಡೇ ಹೇಳಿದಳು:
“ಚೀಲ ತುಂಬ್ತಾ ಅದೆ. ಟೇಬಲ್ ಮೇಲೇ ಬಂತಂತೆ ಉಚ್ಚೆ.”
ಆಮೇಲೆ ಗೋಡೆಗೆ ಮುಖ ಮಾಡಿ ಅತ್ತಳು.
ಯಾರಿಗಾಗಿ ಎಂದು ನಾನು ಕೇಳಲಿಲ್ಲ.

ಮೂರು ತಿಂಗಳು ತೂಬಿನ ಚಕ್ರ ತಿರುಗಿಸುವಂತಿಲ್ಲ,
ಬಿಂದಿಗೆ ಎತ್ತುವಂತಿಲ್ಲ. ನಾಲೆಗೆಂದು ಹೊರಡುತ್ತೇನೆ,
ಅರ್ಧದಲ್ಲೇ ಮೈಲಿಗಲ್ಲಿನ ಮೇಲೆ ಕೂರುತ್ತೇನೆ.
ನಾಲ್ಕನೆಯ ವಾರ ಸುಮ್ಮನೆ ದುಃಖ ಬಂತು,
ಬೆಳಗ್ಗೆ, ಹಲ್ಲುಜ್ಜುವಾಗ.
ಎಡಕ್ಕೆ ಹೊರಳಿ ಮಲಗಿದರೆ ಏನೂ ಗೊತ್ತಾಗುವುದಿಲ್ಲ.
ಅದೇ ವಿಚಿತ್ರ.
ಉಳಿದದ್ದು ಕೊಂಚ ದಪ್ಪವಾಗುತ್ತದಂತೆ,
ಜೊತೆಯವನು ರಜೆ ಹಾಕಿದರೆ ಎರಡು ಗೇಟು ನೋಡಿಕೊಳ್ಳುವ ಹಾಗೆ.
ಕ್ರಿಯಾಟಿನಿನ್ ಒಂದು ಪಾಯಿಂಟ್ ನಾಲ್ಕು.
ನೀರಿನ ಲೆಕ್ಕದ ಕೆಳಗೇ ಬರೆದುಕೊಂಡೆ.

ನಿನ್ನೆ ದೇವೀರಿಯ ಫೋನು, ಮಾಸ್ಕಿನೊಳಗಿನ ದನಿ.
“ಈ ಸಲ ಗೌರಿ ಹಬ್ಬಕ್ಕೆ ಏನೂ ಕಳಿಸ್ಬ್ಯಾಡ ಕಣಣ್ಣ.”
ಎಂಟು ರೂಪಾಯಿ ಕಳಿಸ್ತೀನಿ ಎಂದೆ.
“ಯಾವ ಎಂಟು ರೂಪಾಯಿ?”
ಇರು ಅಣ್ಣ, ಎಂದು ಅವಳೇ ಮಾಸ್ಕು ಸರಿಸಿ
ನೀರು ಕುಡಿಯತೊಡಗಿದಳು,
ಗುಟುಕು, ಗುಟುಕು, ದೊಡ್ಡ ಚೊಂಬೇ ಇರಬೇಕು.
ಮುಗಿಯಲಿ ಎಂದು ಕಾದೆ.