ನಾಲ್ಕು ತೂತಿನ ಬೋರ್ಡು

ಇಬಾದಾನಿನಲ್ಲಿ ಕರೆಂಟು ಹೋದರೆ ಸುದ್ದಿಯಲ್ಲ,
ಬಂದರೆ ಸುದ್ದಿ.
ಆ ಸಲ ಮಾತ್ರ ಹೋದದ್ದು ಐದು ದಿನವಾದರೂ ಬರಲಿಲ್ಲ.
ವಿಶ್ವವಿದ್ಯಾಲಯದ ಕಚೇರಿಯಿಂದ ಮೊಹರು ಒತ್ತಿದ ಚೀಟಿ:
ಒಗುಂಡೆಲೆ, ಡೀಸೆಲ್ ತುಟ್ಟಿ,
ಒಂದೇ ಎಂಜಿನ್ನು ಓಡಿಸು.
ನನ್ನ ತಗಡಿನ ಶೆಡ್ಡಿನಲ್ಲಿ ಇರುವುದೇ
ಒಂದು ತಂತಿ, ಅದರ ತುದಿಗೆ ನಾಲ್ಕು ತೂತಿನ ಬೋರ್ಡು.
ಕತ್ತಲಾಗುವ ಮೊದಲೇ ಸಾಲು ನಿಂತಿತು.

ಮೊದಲು ಫಡೆರೆರಾ ಮೇಡಂ. ಹಿಂದೆ ಇಬ್ಬರು ಹುಡುಗರು ಹೊತ್ತ ಫ್ರಿಜ್ಜು.
ಒಳಗೆ ಹನ್ನೊಂದು ಹಳ್ಳಿಯ ಮರಗೆಣಸಿನ ಎಲೆ.
ಹಳದಿ ಮಚ್ಚೆಯ ರೋಗ ಯಾವ ದಾರಿ ಹಿಡಿದು ನಡೆಯಿತೆಂದು
ಎಲೆ ಹೇಳುತ್ತದಂತೆ,
ತಣ್ಣಗಿದ್ದರೆ ಮಾತ್ರ.
ಬೆವರಿದ ಎಲೆ ಸುಳ್ಳುಸಾಕ್ಷಿ, ಅಂದರು.

ಆಮೇಲೆ ಟೆರ್ವಾಸೆ, ಉಗುರು ಕಚ್ಚುವ ಹುಡುಗ, ಒಂದು ಪುಟ್ಟ ಫ್ರೀಜರು.
ಬೆನುವೆ ಕಣಿವೆಯ ಗರಗಸ ಮಂಡಲದ ವಿಷ, ಹದಿನಾರು ಸೀಸೆ.
ಎಲ್ಲ ಸುರಿದರೂ ಒಂದು ಚಮಚ ತುಂಬದು;
ಅವನ ಮೂರು ವರ್ಷ ಮಾತ್ರ ಅದರಲ್ಲಿ ಪೂರ್ತಿ ಹಿಡಿಸಿದೆ.

ಎಕಾನೆಮ್ ಹೆಗಲಲ್ಲಿ ಲ್ಯಾಪ್‌ಟಾಪು.
ಬೋಡಿಜಾ ಸಂತೆಯ ಹೆಂಗಸರು ಚೌಕಾಸಿಯಲ್ಲಿ
ಇಲ್ಲ ಎನ್ನದೆ ಇಲ್ಲ ಎನ್ನುವ ಬಗೆ ನಲವತ್ತು,
ಎಣಿಸಿದ್ದಾಳೆ.
ನಲವತ್ತೊಂದನೆಯದು ನನ್ನ ಹೆಂಡತಿಯದು, ಎಂದೆ.
ನಗಲಿಲ್ಲ. ಬರೆದುಕೊಂಡಳು.

ನ್ವಾಕೆಗೊ ತಂದದ್ದು ಸ್ಕ್ಯಾನರು, ಜೊತೆಗೊಂದು ಟ್ರಂಕು.
ಟ್ರಂಕಿನ ತುಂಬ ರೈಲು ಹಳಿ ಹಾಕಿದ ಕೂಲಿಗಳ ಅರ್ಜಿ,
ಅರ್ಧ ಅರ್ಜಿ, ಅರ್ಧ ಗೆದ್ದಲು.
"ಎಲೆ ಕಾಯಲಾರದು, ವಿಷ ಕಾಯಲಾರದು, ಒಪ್ಪಿದೆ.
ಗೆದ್ದಲು ಕಾಯುತ್ತದೆಯೆ, ಬಾಬಾ?"

ನಾಲ್ಕು ತೂತು, ನಾಲ್ಕು ಜನ. ಮುಗಿಯಿತು ಎನ್ನುವಾಗ
ಬಾಗಿಲಲ್ಲಿ ಗಣಿತದ ಮುದುಕರು, ಅಡೆಗ್ಬಿತೆ,
ಕೈಯಲ್ಲಿ ಬೋಳು ಬಲ್ಬು, ಕಿವಿಯ ಸಂದಿಯಲ್ಲಿ ಸೀಮೆಸುಣ್ಣ.
ಕೊಳೆಯುವಂಥದು ಏನೂ ಇಲ್ಲ ಅವರ ಬಳಿ.
"ಕತ್ತಲಲ್ಲೂ ಯೋಚಿಸಬಹುದಲ್ಲ ನೀವು?" ಫಡೆರೆರಾ ಕೇಳಿದರು.
"ಯೋಚಿಸಿದೆ, ಐದು ರಾತ್ರಿ.
ತಪ್ಪು ಕಾಣಲು ಬೆಳಕು ಬೇಕು."

ಜಗಳ ಏರಿತು, ಎಂಜಿನ್ನಿಗಿಂತ ಜೋರು.
ಹೊಟ್ಟೆಗೆ ಯಾವುದು ಹತ್ತಿರ, ಪ್ರಾಣಕ್ಕೆ ಯಾವುದು ಹತ್ತಿರ,
ದುಡ್ಡು ಕೊಟ್ಟವರು ಯಾರು, ಯಾವ ದೇಶದವರು.
ನಾನು ಸ್ವಿಚ್ಚು ಆರಿಸಿದೆ.
ಕತ್ತಲಲ್ಲಿ ಐದು ಉಸಿರು ಕೇಳಿಸಿತು.
ಯಾವುದು ಯಾವ ವಿಭಾಗದ್ದೋ ಗೊತ್ತಾಗಲಿಲ್ಲ.

"ನಿನ್ನ ವಿಷ ನನ್ನ ಎಲೆಯ ಪಕ್ಕ ಮಲಗಲಿ,"
ಕೊನೆಗೆ ಫಡೆರೆರಾ ಅಂದರು, "ಯಾರಿಗೂ ಹೇಳಬೇಡ."
ಯಾವ ನಿಯಮವೂ ಒಪ್ಪದ ಮದುವೆ.
ಮುದುಕರಿಗೆ ಒಂದು ತೂತು ಸಿಕ್ಕಿತು.

ನಡುರಾತ್ರಿ ನ್ವಾಕೆಗೊ ಅರ್ಜಿಯೊಂದನ್ನು ಓದುತ್ತಿದ್ದಳು, ತನ್ನಷ್ಟಕ್ಕೆ:
ಮರಳಲ್ಲಿ ಗರಗಸ ಉಜ್ಜಿದ ಸದ್ದು ಕೇಳಿದೆವು, ದೊರೆಗಳೆ,
ಮಾರನೆಯ ದಿನ ಇಬ್ಬರಿಗೆ ವಸಡಿನಿಂದ ರಕ್ತ,
ಅವರ ಕೂಲಿಯನ್ನಾದರೂ ಮನೆಗೆ ಕಳಿಸಿ.
ಟೆರ್ವಾಸೆ ಚಂಗನೆ ಎದ್ದ. ಯಾವ ಊರು? ಯಾವ ತಿಂಗಳು?
ತಿಂಗಳು ಹೇಳಿದಳು. ಊರನ್ನು ಗೆದ್ದಲು ತಿಂದಿತ್ತು.
ಇಬ್ಬರೂ ಆ ತೂತನ್ನು ಮುದುಕರ ಬಲ್ಬಿಗೆ ಹಿಡಿದು ನೋಡಿದರು,
ಬಹಳ ಹೊತ್ತು.
ಫಡೆರೆರಾ ಗೊರಕೆ ಹೊಡೆಯುತ್ತಿದ್ದರು.

ಏಳನೆಯ ದಿನ ಕರೆಂಟು ಬಂತು. ಯಾರೂ ಹೇಳಿ ಹೋಗಲಿಲ್ಲ,
ಹೇಳಬೇಕೆಂದು ನನಗೂ ಅನಿಸಿರಲಿಲ್ಲ.
ತಗಡಿನ ಗೋಡೆಯ ಮೇಲೆ ಮುದುಕರ ಲೆಕ್ಕ ಉಳಿದಿದೆ,
ನಡುವೆ ಒಂದು ಸಾಲು ಅವರೇ ಹೊಡೆದುಹಾಕಿದ್ದು.
ನಾನು ಒರೆಸಿಲ್ಲ.

ನ್ವಾಕೆಗೊ ಮಾತ್ರ ಮರಳಿ ಬಂದಳು, ನನ್ನ ಪುಸ್ತಕ ಕೇಳಿಕೊಂಡು.
ಇಪ್ಪತ್ತೆರಡು ವರ್ಷ ಬರೆದದ್ದು: ಹೋದ ಗಳಿಗೆ, ಬಂದ ಗಳಿಗೆ,
ಎಷ್ಟು ಲೀಟರು, ಎಂಜಿನ್ನಿನ ದನಿ ಹೇಗಿತ್ತು.
ಮಳೆಗೆ ಮೊದಲು ಅದರ ದನಿ ತುಸು ದಪ್ಪವಾಗುತ್ತದೆ;
ಯಾಕೆಂದು ಗೊತ್ತಿಲ್ಲ, ಅದಕ್ಕೇ ಬರೆಯುವುದು.
"ಇದು ಚರಿತ್ರೆ, ಬಾಬಾ. ನನಗೆ ಕೊಡಿ."
ಇನ್ನೊಂದು ಮಳೆಗಾಲ ತಡಿ ಮಗಳೇ, ಎಂದೆ,
ನನ್ನದು ಇನ್ನೂ ಮುಗಿದಿಲ್ಲ.