ಸಮುದ್ರಕ್ಕೆ ಬೆನ್ನು ಹಾಕಿ

ಮಲ್ಪೆಯ ಲಾಡ್ಜಿನಲ್ಲಿ ಎಲ್ಲರೂ ತಿಂಡಿಯ ಹೊತ್ತು ಕೇಳಿದರೆ
ಚನ್ನವೀರ ಕೇಳಿದ್ದು ಇಳಿತದ ಹೊತ್ತು.
ಐದೂವರೆಗೆ ದೀಪ ಹಾಕಿದ.
ಅತ್ತೆ ಎದ್ದು ವಿಭೂತಿ ಹಚ್ಚಿಕೊಂಡರು,
ತೋಂಟೇಶ ಅರೆಗಣ್ಣಲ್ಲೇ ಟ್ರೈಪಾಡು ಹೆಗಲಿಗೇರಿಸಿ
ಗುಡ್ಡಕ್ಕೆ ಕಟ್ಟಿಗೆಗೆ ಹೊರಟವನಂತೆ ನಿಂತ.
ನಾನು ಹೊದಿಕೆಯೊಳಗಿಂದಲೇ
ಈ ರಜೆಯನ್ನು ಒಮ್ಮೆ ಬೈದೆ.

ಗದಗಿನಿಂದ ವರ್ಷವರ್ಷವೂ ಮಾಗಡಿ ಕೆರೆಗೆ ಹೋಗಿ
ಪಟ್ಟೆತಲೆ ಬಾತುಗಳನ್ನು ಎಣಿಸಿ ಬಂದವ.
ಅವನ ಡೈರಿಯಲ್ಲಿ ಒಂದು ಸಾಲಿಗೆ ಮಾತ್ರ ಗುರುತಿಲ್ಲ:
ಏಡಿಗೊರವ. ಕರಾವಳಿ. ಸಿಕ್ಕರೆ ಪುಣ್ಯ.
ಪೆನ್ಸಿಲಲ್ಲಿ ಬರೆದದ್ದು, ಅಳಿಸಲು ಧೈರ್ಯವಾಗದೆ
ಪ್ರತಿ ಜನವರಿಗೂ ಹೊಸ ಡೈರಿಗೆ ನಕಲಾದದ್ದು.

ಕೋಡಿ ಬೆಂಗ್ರೆಗೆ ಹೋಗುವಾಗ ಎಡಕ್ಕೆ ಕಡಲು, ಬಲಕ್ಕೆ ಹೊಳೆ,
ನಡುವೆ ರಸ್ತೆ, ರಸ್ತೆಗಿಂತ ಅಗಲ ಒಣಮೀನಿನ ವಾಸನೆ.
ಶೇಖರ ತಿಂಗಳಾಯರ ದೋಣಿ ನಮ್ಮನ್ನು
ಅಳಿವೆಯ ಮರಳದಿಬ್ಬಕ್ಕೆ ಇಳಿಸಿತು.
"ಎಂತ ಮಾರಾಯ್ರೆ, ಹಕ್ಕಿಗೆ ಇಷ್ಟು ದೂರ ಬಂದದ್ದಾ?
ಇಲ್ಲಿಯವರು ಮರುವಾಯಿಗೂ ಬರುವುದಿಲ್ಲ ಈ ಚಳಿಗೆ."

ಅತ್ತೆಗೆ ಕಡಲು ಇದೇ ಮೊದಲು.
ಅಲೆಯತ್ತ ಮುಖಮಾಡಿ ಚಾದರ ಹಾಸಿ ಕೂತರು.
ಮಗ ಅದಕ್ಕೆ ಬೆನ್ನು ಹಾಕಿ
ಕೆಸರು ನೋಡುತ್ತಿದ್ದ.
"ಎಪ್ಪಾ, ನೀರು ಈಕಡೆ ಐತಿ," ಅಂದರು.

ಕೆಸರಲ್ಲಿ ಏನೇನೋ ಓಡಿದವು:
ಕೆಂಪುಗಾಲಿನವು, ಹಸಿರುಗಾಲಿನವು,
ಕೊಕ್ಕು ಮೇಲಕ್ಕೆ ಬಾಗಿದ್ದು, ಕೆಳಕ್ಕೆ ಬಾಗಿದ್ದು,
ಅಲೆ ಸರಿದರೆ ಅಟ್ಟಿಸಿಕೊಂಡು ಹೋಗಿ
ಅಲೆ ತಿರುಗಿದರೆ ಚೀರಿಕೊಂಡು ಬರುವ ಪುಟಾಣಿ ಗೊರವಗಳು,
ಶಾಲೆ ಬಿಟ್ಟ ಒಂದನೇ ಕ್ಲಾಸು.
ರೀವಗಳು ಗಾಳಿಗೆ ಮುಖವೊಡ್ಡಿ ಪ್ರಾರ್ಥನೆಗೆ ನಿಂತಿದ್ದವು.
ಅವನದು ಇಲ್ಲ. ಎಂಟಾಯಿತು.
ತೋಂಟೇಶನ ಒಂದು ಚಪ್ಪಲಿಯನ್ನು ಕೆಸರು ಇಟ್ಟುಕೊಂಡಿತು.

ಆಗ ಅತ್ತೆ, ಕಿತ್ತಳೆ ಸುಲಿಯುತ್ತ, ತಲೆ ತಿರುಗಿಸಿ:
"ಅಂವ ಯಾರಲೇ, ಕರೀ ಕೋಟಿನ ವಕೀಲ?"

ಬಿಳಿ ಮೈ, ಬೆನ್ನಿಗೆ ಕಪ್ಪು, ಉದ್ದ ಬೂದುಗಾಲು,
ಮೈಗಿಂತ ಒಂದು ಅಳತೆ ದೊಡ್ಡ ಕೊಕ್ಕು.
ಚನ್ನವೀರ ಉಸಿರು ಬಿಡಲಿಲ್ಲ.
ನನ್ನನ್ನು ನೋಡಲು ಬಂದ ದಿನ ಇದೇ ಮನುಷ್ಯ
ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡಿದ್ದ.

ಮಸೂರಕ್ಕೆ ಕಣ್ಣಿಟ್ಟೆ. ಒಂದಲ್ಲ, ಎರಡು.
ದೊಡ್ಡದು ಏಡಿ ಹಿಡಿದು, ಕೊಡವಿ, ಒಂದೊಂದೇ ಕಾಲು ಮುರಿದು
ಮುಂದಿಟ್ಟಿತು. ಇನ್ನೊಂದು, ಬೂದು ಬೆನ್ನಿನದು,
ಎತ್ತರದಲ್ಲಿ ಸಮಸಮ, ಕಡಲು ದಾಟಿ ಬಂದ ರೆಕ್ಕೆಯದು,
ಕುತ್ತಿಗೆ ಕುಗ್ಗಿಸಿ, ಕೂಸಿನಂತೆ ಕುಂಯ್‌ಗುಟ್ಟಿ ತಿಂದಿತು.
"ತಾವ ಹಿಡೀಬಲ್ವು," ಪಿಸುಗುಟ್ಟಿದ ಚನ್ನವೀರ,
"ಆದ್ರೂ ಚಳಿಗಾಲ ಪೂರ್ತಿ ಬೇಡತಾವ."
ಹೇಳುತ್ತ, ನೋಡದೆ, ಕೈ ಹಿಂದಕ್ಕೆ ಚಾಚಿದ.
ಅತ್ತೆ ಅದರಲ್ಲಿ ನಾರು ತೆಗೆದ ತೊಳೆ ಇಟ್ಟರು.
ನಲವತ್ತಮೂರು ವರ್ಷದ ಕೈ.

ನಾನೇನೂ ಅನ್ನಲಿಲ್ಲ.

ಮೊಟ್ಟೆಯ ಮಾತೆತ್ತಿದರೂ ಬಾಯಿ ಮುಕ್ಕಳಿಸುವ ಅತ್ತೆ
ತಾವೂ ಬಗ್ಗಿ, ಬಹಳ ಹೊತ್ತು ನೋಡಿದರು.
ಏಡಿಯ ಕಾಲು ಮುರಿಯುವುದು ಕಂಡಿರಲೇಬೇಕು.
"ಇರಲಿ ಬಿಡು," ಅಂದರು, "ಕೂಸಿಗೆ ಕೊಡಾಕತ್ತೈತಿ."

ಉಬ್ಬರಕ್ಕೆ ದಿಬ್ಬ ಸಣ್ಣದಾಗುತ್ತ ಬಂತು.
ತಿಂಗಳಾಯರು ದೂರದಿಂದ ಕೂಗು ಹಾಕಿದರು.
ದೋಣಿಯಲ್ಲಿ ಡೈರಿ ತೆರೆದು ಪೆನ್ಸಿಲಿನ ಸಾಲಿನ ಮೇಲೆ
ಪೆನ್ನು ಆಡಿಸುವಷ್ಟರಲ್ಲಿ ನೀರು ಸಿಡಿದು
ಪುಣ್ಯ ಅನ್ನುವ ಅಕ್ಷರ ನೀಲಿಯಾಗಿ ಹರಡಿಹೋಯಿತು.
"ವಕೀಲರು ಇಬ್ರು ಅಂತ ಬರಿ," ಅಂದರು ಅತ್ತೆ.
ತೋಂಟೇಶ ಉಳಿದೊಂದು ಚಪ್ಪಲಿ ಕೈಲಿ ಹಿಡಿದು
ಇಟ್ಟುಕೊಳ್ಳಲೋ ಬೇಡವೋ ಎಂದು
ನನ್ನ ಮುಖ ನೋಡುತ್ತಿದ್ದ.