ಅರ್ಧ ಉಗುರು

ಮೊದಲು ನಾಲ್ಕಾಣೆಯಷ್ಟಿತ್ತು ಕಲೆ,
ಆಮೇಲೆ ಎಂಟಾಣೆ, ಆಮೇಲೆ ಊಟದ ತಾಟು.
ಶಹಾಬಾದಿ ಕಲ್ಲು ಹಾಸಿದ ಅಂಗಳ.
ನೀರು ಚೆಲ್ಲಿದರೆ ಜಾರಿಸಿಬಿಡುವ ಕಲ್ಲು
ಗೇರೆಣ್ಣೆಯನ್ನು ಮಾತ್ರ ಕುಡಿದು ಕೂತಿತ್ತು.
"ತೊಳಸ್ರಿ, ಇಲ್ಲಂದ್ರ ಬಿಡ್ರಿ" ಅಂದರು ಮನೆಯೊಡತಿ ಸೋನಾಬಾಯಿ.
ಬಿಡಬೇಕಾದ್ದು ಕಾರೋ ಮನೆಯೋ
ಕೇಳಲಿಲ್ಲ ನಾನು.

ಮಾರುತಿ ಎಂಟುನೂರು, ಮೂರನೇ ಕೈ.
ಹಿಂದಿನ ಸೀಟು ಕಿತ್ತು ಮಾಳಿಗೆಗೆ ಹಾಕಿದ್ದೇನೆ.
ಅಲ್ಲಿ ಮಕ್ಕಳು ಕೂರುವುದಿಲ್ಲ,
ಮಕ್ಕಳ ಚಡ್ಡಿ ಅಂಗಿ ಕೂರುತ್ತವೆ, ಇಸ್ತ್ರಿಯಾಗಿ,
ಸಾಲೆ ಸುರುವಾಗೋದರೊಳಗೆ ಆಳಂದ ಮುಟ್ಟಬೇಕು.
ಗ್ಯಾರೇಜಿನವ ನಾಲ್ಕು ಸಾವಿರ ಅಂದ.
ಸೀಲಿಗೆ ಅಂಗಡಿಯಲ್ಲಿ ನೂರಾ ಹತ್ತು.
ಉಳಿದದ್ದೆಲ್ಲ ಕೈಗೆ.
ಕೈ ನನಗೂ ಅವಲ್ಲ?

ಗೋಡೆಯಾಚೆ ಗೌಸುದ್ದೀನ್ ಚಾಚಾ,
ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ
ಗೇರ್‌ಬಾಕ್ಸು ಬಿಚ್ಚಿದವರು.
ಈಗ ಚಾ ಹಿಡಿದರೆ
ಕಪ್ಪೂ ಬಸಿಯೂ ತಮ್ಮತಮ್ಮಲ್ಲೇ ಮಾತಾಡುತ್ತವೆ.
"ಕೈ ಹೋಗ್ಯಾವ ಮಹಾನಂದಾ, ಕಣ್ಣ ಅದಾವ.
ನಿನ್ನ ಕೈ ಕೊಡು."

ಬೆಳಗಿನ ಐದೂವರೆ. ಬಿಸಿಲು ಏಳುವ ಮುಂಚೆ ಏಳಬೇಕು ಈ ಊರಲ್ಲಿ.
ಜ್ಯಾಕು, ಹಿಂದಿನ ಗಾಲಿಗೆ ಇಟ್ಟಿಗೆ, ಅಡಿಗೆ ಬೇವಿನ ದಿಮ್ಮಿ.
ಅಕ್ಕಿ ತೊಳೆಯುವ ಬೋಗಾಣಿ ಸತ್ಯಾನಾಶವಾಯಿತು,
ಕೊಳೆತ ತತ್ತಿಯ ನಾತ, ಎರಡು ಲೀಟರು.
ನಟ್ಟು ಅಳ್ಳಾಡಲಿಲ್ಲ. ಪೈಪು ಸಿಕ್ಕಿಸಿ ನಿಂತೆ ಅದರ ಮೇಲೆ,
ಇಡೀ ಮೈ ಭಾರ ಇಟ್ಟು,
ಯಾವತ್ತೂ ಉಪಯೋಗಕ್ಕೆ ಬಾರದ ಭಾರ.
ಕಿರ್ರ್ ಅಂದಿತು.
ತೊಡೆಯ ಕೀಲು ಕಳಚಿದ ಹಾಗೆ ಶಾಫ್ಟು ಕೈಗೆ ಬಂತು.

ಸೀಲು ಅಂದರೆ ಇಷ್ಟೇ: ಕಪ್ಪು ಬಳೆ,
ಒಳಗೆ ಕೂದಲೆಳೆಯ ಸ್ಪ್ರಿಂಗು.
"ಇಲಾಸ್ಟಿಕ್ ಸತ್ತದ" ಅಂದೆ.
ಚಾಚಾ ನಕ್ಕು ನಕ್ಕು ಕೆಮ್ಮಿದರು.

"ಈಗ ಶಾಫ್ಟಿನ ಮ್ಯಾಲೆ ಉಗುರು ಆಡಸು. ಏನರ ತಾಕ್ತದೇನು?"
ತಾಕಿತು. ಸುತ್ತಲೂ ಒಂದು ಗೆರೆ,
ಕಣ್ಣಿಗೆ ಕಾಣದ್ದು.
"ಉಕ್ಕಿನ ಮ್ಯಾಲೆ ರಬ್ಬರ್ ಬರದದ್ದು ಅದು, ಇಪ್ಪತ್ತು ವರ್ಷ.
ಹೊಸಾದು ಅಲ್ಲೇ ಕೂತರ ಅದೂ ಸೋರ್ತದ.
ಪೂರಾ ಹೊಡಿಬ್ಯಾಡ. ಅರ್ಧ ಉಗುರು ಹೊರಗ ಇರ್ಲಿ."

ಬಿಚ್ಚಿದ ಹೊಲಿಗೆಯ ತೂತಿನ ಮೇಲೆ
ಮತ್ತೆ ಹೊಲಿಗೆ ನಿಲ್ಲುವುದಿಲ್ಲ,
ಒಂದು ನೂಲು ಪಕ್ಕಕ್ಕೆ ಸರಿಯಬೇಕು:
ಇಷ್ಟು ನನಗೆ ಗೊತ್ತಿತ್ತು.
ಇದೇ ಮಾತು ಡಿಪೋದಲ್ಲೂ ಇದೆಯೆಂದು ಗೊತ್ತಿರಲಿಲ್ಲ.

ಹೊಸದರ ಮೇಲೆ ಹಳೆಯದನ್ನೇ ಮಗುಚಿಟ್ಟು
ಕಟ್ಟಿಗೆ ಸುತ್ತಿಗೆಯಿಂದ ತಟ್ಟಿದೆ.
ಹೋಗುವುದು ಬರುವುದನ್ನು ಕೂರಿಸಿತು.
"ಅಲ್ಲಿ. ಈಗ ಅದರ ಎದುರು. ಹಗೂರ!"
ಚಾಚಾನ ಬೆರಳು ಗಾಳಿಯಲ್ಲಿ ತೋರಿಸುತ್ತ ನಡುಗುತ್ತಿತ್ತು,
ಒಂದು ಜಾಗ ಅಂದರೆ ಮೂರು ಜಾಗ.
ಮೂರರ ನಡುವಿನದನ್ನು ಹೊಡೆದೆ.
ಒಮ್ಮೆ ಓರೆಯಾಯಿತು. "ಯಾ ಅಲ್ಲಾ" ಅಂದರು,
ಶರಣಬಸಪ್ಪಾ ಅಂದೆ ನಾನು,
ಕೇಳಿತೋ ಇಲ್ಲವೋ ಯಾರಿಗೆ, ಮುಂದಿನ ಪೆಟ್ಟಿಗೆ ನೆಟ್ಟಗಾಯಿತು.

ಒಂಬತ್ತಕ್ಕೆ ಬೆನ್ನ ಕೆಳಗಿನ ಕಲ್ಲು ಹಂಚಾಗಿತ್ತು.
ಎಣ್ಣೆ ತುಂಬಿ, ಗಾಲಿ ಕೂರಿಸಿ,
ಶಹಾಬಜಾರ ನಾಕಾದವರೆಗೆ ಹೋಗಿ ಬಂದೆ,
ರೇಡಿಯೋ ಹಚ್ಚದೆ, ಬರೇ ಕೇಳುತ್ತ.
ರಾತ್ರಿ ಕಾರಿನಡಿ ಹಳೇ ಪೇಪರು ಹಾಸಿ
ಮೂಲೆಗೆ ನಾಲ್ಕು ಕಲ್ಲಿಟ್ಟು ಮಲಗಿದೆ.
ಮಲಗಿದೆ ಅಂದರೆ ಮಲಗಲಿಲ್ಲ.

ನಸುಕಿನಲ್ಲಿ ಬಗ್ಗಿ ನೋಡಿದರೆ
ಪೇಪರಿನ ನಡುವೆ ಒಂದು ಕಲೆ.
ದುಂಡಗೆ. ಕಂದು. ಇನ್ನೂ ಹಸಿ.
ಎದೆ ಧಸಕ್ಕೆಂದಿತು.
ಬೆರಳಿಗೆ ಹಚ್ಚಿ ಮೂಸಿದೆ.

ಏಲಕ್ಕಿ.

ಗೋಡೆಯಾಚೆ ಕಪ್ಪೂ ಬಸಿಯೂ
ಮಾತಾಡುತ್ತ ಒಳಗೆ ಹೋಗುತ್ತಿದ್ದವು.